ಕಳ್ಳ ಮುಟ್ಟದ ಮರ

"ಕಾಲಿಡಬೇಡ!" ಎಂದು ಮಾರ್ಕೆಲ್ಲಾ ಕೂಗಿದಳು.

ಇಸಿದೋರೊಸ್ ಎತ್ತಿದ ಕಾಲನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿದ. ತೋಟದ ಕಾವಲುಗಾರನಾಗಿ ಈ ಮರಗಳ ನಡುವೆಯೇ ತಲೆ ನರೆಸಿಕೊಂಡವನು. ಅವನಿಗೆ ಎಲ್ಲಿ ಕಾಲಿಡಬೇಕೆಂದು ಹೇಳಿಕೊಡುವವಳು ಇವಳು! ಅವನಿಗೆ ನಗು ಬಂತು.

"ನಂಗೇ ಪಾಠ ಹೇಳ್ತೀಯೇನೇ? ಬಿಳಿ ಕಣ ತುಳಿಯೋ ಜಾತಿನಾ ನಾನು?"

"ಕಣ ಅಲ್ಲ ಮಾರಾಯ, ಅದರ ಪಕ್ಕ ನೋಡು. ಟೈರಿನ ಗುರುತು."

ಅವನು ಒಂಟಿ ಕಾಲಲ್ಲೇ ಹಿಂದಕ್ಕೆ ಕುಪ್ಪಳಿಸಿದ. ಮಾರ್ಕೆಲ್ಲಾ ಮೊಣಕಾಲೂರಿ, ಮೂಗು ನೆಲಕ್ಕೆ ತಾಗುವಷ್ಟು ಬಗ್ಗಿದಳು.

ಮಾರ್ಕೆಲ್ಲಾಳ ಸೋದರತ್ತೆ ಅರ್ಗೆಂಟಾಳದು ಮಸ್ತಿಹ ಎಂಬ ಸುಗಂಧದ ಗೋಂದು ಕೊಡುವ ಮರಗಳ ತೋಟ. ಅಲ್ಲಿ ಪ್ರತಿ ಮರದ ಬುಡದಲ್ಲೂ ಜರಡಿ ಹಿಡಿದ ಬಿಳಿ ಮಣ್ಣು ಹಾಸಿ, ಗುಡಿಸಿ, ನಯಮಾಡಿದ ದುಂಡು ಕಣ. ತೊಗಟೆಗೆ ಗೀರು ಹಾಕಿದರೆ ಗೋಂದು ಹನಿಹನಿಯಾಗಿ ಇಳಿದು ಆ ಕಣದ ಮೇಲೆ ಗಟ್ಟಿಯಾಗುತ್ತದೆ. ಈ ವಾರ ಮನೆಮಂದಿ ಕೂತು ಅದನ್ನು ಆಯುವುದಿತ್ತು. ನಿನ್ನೆ ರಾತ್ರಿ ಯಾರೋ ಬಂದು ಅವರಿಗೆ ಆ ಶ್ರಮ ತಪ್ಪಿಸಿದ್ದರು.

ಟೈರಿನ ಗುರುತು ಯಾರದೆಂದು ಲಿಥಾರಿ ಊರಿಗೆಲ್ಲ ಬೆಳಗಿನ ಕಾಫಿಯ ಹೊತ್ತಿಗೇ ಗೊತ್ತಾಗಿತ್ತು. ಬಾಣದ ತುದಿಯಂಥ ಅಚ್ಚು. ಮಾರ್ಕೆಲ್ಲಾ ನಡೆಸುವ ಸೈಕಲ್ ಪ್ರವಾಸದ ಗುಂಪಿನಲ್ಲಿ ಸ್ವಂತ ಸೈಕಲ್ ತಂದವನು ಹಾಲೆಂಡಿನ ಯೋರಿಸ್ ಒಬ್ಬನೇ. ಅಚ್ಚೂ ಅವನ ಟೈರಿನದೇ, ಚಕ್ರಕ್ಕೆ ಬಿಳಿ ಮಣ್ಣೂ ಮೆತ್ತಿತ್ತು.

"ಅವನು ಕಳ್ಳನ ಹಾಗೆ ಕಾಣ್ತಾನಾ ನಿಂಗೆ?" ಎಂದಳು ಮಾರ್ಕೆಲ್ಲಾ.

"ಕಳ್ಳರು ಕಳ್ಳರ ಹಾಗೇ ಕಾಣೋ ಹಾಗಿದ್ರೆ ನಾನು ಹಗಲೆಲ್ಲ ಅಂಜೂರದ ಮರದಡಿ ಗೊರಕೆ ಹೊಡೀಬಹುದಿತ್ತಲ್ಲೇ."

"ಈಗ ಹೊಡಿಯಲ್ವಾ?"

"ಹೊಡೀತೀನಿ. ಆದ್ರೆ ನೆಮ್ಮದಿ ಇರಲ್ಲ."

ಬೇರೆ ದಿನವಾಗಿದ್ದರೆ ಅವಳು ನಗುತ್ತಿದ್ದಳು. ಈ ತೋಟದ ಅಂಚಿನಲ್ಲಿ, ಸಮುದ್ರದ ಗೋಡೆಗೆ ಆತುಕೊಂಡು ಹೋಗುವ ದಾರಿಯಿದೆಯಲ್ಲ, ಅದರ ಮೇಲೆಯೇ ಅವಳ ಬದುಕು ನಿಂತಿತ್ತು. ಸೈಕಲ್ ಹೋಗಲು ಊರವರು ಒಪ್ಪಿದ್ದೇ ಒಂದು ಷರತ್ತಿನ ಮೇಲೆ: ಪ್ರವಾಸಿಗಳಿಂದ ಒಂದು ಮರಕ್ಕೆ ಕೇಡಾದರೂ ದಾರಿ ಬಂದ್. ಆ ದಿನ ಚೌಕದಲ್ಲಿ ಎದ್ದು ನಿಂತು, "ಇವಳ ಪರವಾಗಿ ನಾನು ಮಾತು ಕೊಡ್ತೀನಿ" ಎಂದವನು ಇದೇ ಇಸಿದೋರೊಸ್.

ಇವತ್ತು ಸಂಜೆ ಮತ್ತೆ ಚೌಕದಲ್ಲಿ ಸಭೆ. ದಾರಿ ಮುಚ್ಚಿದರೆ ಉಳಿಯುವುದು ಗುಡ್ಡದ ಹಿಂದಿನ ಡಾಂಬರು ರಸ್ತೆ. ಲಾರಿಯ ಹೊಗೆ ಕುಡಿಯಲು ಯಾವ ಪುಣ್ಯಾತ್ಮ ರಜೆ ಹಾಕಿ ಬರುತ್ತಾನೆ? ಮಾರ್ಕೆಲ್ಲಾ ಪಿರೇಯಸ್ ಬಂದರು ನಗರಕ್ಕೆ ವಾಪಸು ಹೋಗಬೇಕು, ಹಡಗು ಕಂಪನಿಯ ಆಫೀಸಿನಲ್ಲಿ ಎದುರು ಗೋಡೆ ನೋಡುತ್ತ ಕೂರಬೇಕು. ಅಲ್ಲಿ ಅವಳು ಬದುಕಿದ್ದಳು, ಅಷ್ಟೇ. ಇಲ್ಲಿ ಅವಳು ಸುಖವಾಗಿದ್ದಳು.

"ಇಲ್ಲಿ ನೋಡು," ಎಂದಳು. "ಹೆಜ್ಜೆ ಗುರುತನ್ನೆಲ್ಲ ಪೊರಕೆಯಿಂದ ಗುಡಿಸಿದಾನೆ. ಟೈರಿನ ಗುರುತನ್ನ ಮಾತ್ರ ಹಾಗೇ ಬಿಟ್ಟಿದಾನೆ. ಯಾಕೆ?"

"ಅವಸರ."

"ಒಂದೊಂದು ಕಣವನ್ನೂ ತುಳೀದೆ ಸುತ್ತು ಹಾಕಿ ಆಯ್ದಿದಾನೆ. ಅವಸರದ ಕಳ್ಳ ಹಾಗೆ ಮಾಡ್ತಾನಾ? ಇದು ನಮ್ಮೋರ ಅಭ್ಯಾಸ."

"ನಿನ್ನ ಅಭ್ಯಾಸಾನೂ ಹೌದಲ್ಲ. ಮೊದಲ ದಿನವೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಬಿಳಿ ಮಣ್ಣು ತುಳಿದ್ರೆ ಕಾಲು ಮುರೀತೀನಿ ಅಂತ ಹೇಳ್ಕೊಡೋಳು ಯಾರು?"

ಅದೂ ನಿಜ. ಮಾರ್ಕೆಲ್ಲಾ ತುಟಿ ಕಚ್ಚಿಕೊಂಡಳು.

ಇಸಿದೋರೊಸ್ ಗೇಟಿನ ಕಡೆ ಗದ್ದ ಎತ್ತಿ ತೋರಿಸಿದ. ಅವನ ದನಿ ತಗ್ಗಿತು. "ಅದನ್ನ ನೋಡಿದ ಮೇಲೆ ಇನ್ನೇನು ಹೇಳ್ತೀಯ?"

ಗೇಟಿನ ಪಕ್ಕದ್ದು ಹರಕೆ ಮರ. ಲಿಥಾರಿಯಲ್ಲಿ ಪ್ರತಿ ಮನೆಯೂ ತೋಟದ ಒಂದು ಮರವನ್ನು ಮಾತೆ ಮರಿಯಮ್ಮನಿಗೆ ಬಿಡುತ್ತದೆ. ಅದರ ಹನಿ ಅವಳ ದೀಪಕ್ಕೆ, ಅವಳ ಧೂಪಕ್ಕೆ. ಗುರುತಿಗೆ ದಾರ ಕಟ್ಟುವುದಿಲ್ಲ, ಬೋರ್ಡು ಹಾಕುವುದಿಲ್ಲ. ಊರಿನವರಿಗೆ ಗೊತ್ತು, ಅಷ್ಟು ಸಾಕು. ಎಂಥ ಪೋಲಿಯೂ ಆ ಮರಕ್ಕೆ ಕೈಯಿಡುವುದಿಲ್ಲ.

ಗೇಟಿನ ಮರದ ಕಣ ಬರಿದಾಗಿತ್ತು. ಒಂದು ಹನಿ ಇರಲಿಲ್ಲ.

"ಹರಕೆ ಮರ ಮುಟ್ಟಿದಾನೆ ಅಂದ್ರೆ ನಮ್ಮೂರೋನಲ್ಲ. ಸಭೆಲಿ ಎಲ್ಲರೂ ಇದನ್ನೇ ಹೇಳ್ತಾರೆ ಮಾರ್ಕೆಲ್ಲಾ. ನಾನೂ ಬಾಯಿ ಮುಚ್ಕೊಂಡು ಕೂರಬೇಕಾಗುತ್ತೆ."

ಅವಳು ಎದ್ದು ಮಣ್ಣು ಕೊಡವಿಕೊಂಡಳು. ಆಗ ಕಣ್ಣಿಗೆ ಬಿತ್ತು. ಸಮುದ್ರದ ಗೋಡೆಯತ್ತ ಗೂನುಬೆನ್ನಿನ ಮುದುಕಿಯ ಹಾಗೆ ಬಾಗಿದ ಒಂದು ಮರ. ಅದರ ಕಣದ ತುಂಬ ಗೋಂದಿನ ಹನಿಗಳು ಬಿಸಿಲಿಗೆ ಮಿರಮಿರ ಮಿನುಗುತ್ತಿದ್ದವು.

"ಇದನ್ನ ಯಾಕೆ ಬಿಟ್ಟ?"

"ಅಷ್ಟರಲ್ಲಿ ಬೆಳಕಾಗಿರಬೇಕು. ಮೀನಿನ ದೋಣಿ ಕಂಡು ಓಡಿರಬೇಕು," ಎಂದ ಇಸಿದೋರೊಸ್. ಜೇಬಿನಿಂದ ಎಲೆಯಲ್ಲಿ ಸುತ್ತಿದ ಅಂಜೂರದ ಹಣ್ಣು ತೆಗೆದು ಅವಳ ಕೈಗಿಟ್ಟ. ದಿನಾ ಬೆಳಿಗ್ಗೆ ತರುತ್ತಿದ್ದ, ಇವತ್ತೂ ಮರೆತಿರಲಿಲ್ಲ. "ತಿನ್ನು. ಬರೀ ಹೊಟ್ಟೇಲಿ ಪತ್ತೇದಾರಿಕೆ ಮಾಡಬೇಡ."

ಅವನು ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಬಾಗಿದ ಮರದ ಎಡಕ್ಕಿದ್ದ ಮರ ಬರಿದು. ಬಲಕ್ಕಿದ್ದದ್ದೂ ಬರಿದು. ದೋಣಿ ಕಂಡು ಓಡಿದವನು ನಡುವಿನದೊಂದನ್ನು ದಾಟಿ ಮುಂದಿನದನ್ನು ಆಯ್ದುಕೊಂಡು ಓಡಿದನೇ? ಇದೆಂಥ ಓಟ!

ಅಂಜೂರ ಜೇನಿನಷ್ಟು ಸಿಹಿಯಾಗಿತ್ತು. ಇಸಿದೋರೊಸ್‌ನ ಮೇಲೆ ಅವಳಿಗೆ ಮನಸ್ಸಿತ್ತು. ಅದು ಅವಳಿಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಅವನೊಬ್ಬನಿಗೆ ಗೊತ್ತಿರಲಿಲ್ಲ, ಅಥವಾ ಹಾಗೆ ನಟಿಸುತ್ತಿದ್ದ.

*

ಕಳ್ಳತನವಾಯಿತೆಂದು ಸಮುದ್ರ ನೀಲಿಯಾಗುವುದನ್ನು ಬಿಡುತ್ತದೆಯೇ? ಪ್ರವಾಸಿಗಳು ಬಂದದ್ದು ಸೈಕಲ್ ಹೊಡೆಯಲು, ಹೊಡೆದರು. ಮಾರ್ಕೆಲ್ಲಾ ಮುಂದೆ, ಗುಂಪು ಹಿಂದೆ, ಕೊನೆಯಲ್ಲಿ ಸಾಮಾನಿನ ವ್ಯಾನಿನಲ್ಲಿ ಅವಳ ದೊಡ್ಡಪ್ಪನ ಮಗ ಪಾಂತೆಲಿಸ್, ಹಾಡಿಕೊಂಡು. ಇಳಿಜಾರಿನಲ್ಲಿ ಗಾಳಿ ಅಂಗಿಯೊಳಗೆ ನುಗ್ಗಿ ಎಲ್ಲರ ಬೆನ್ನು ಊದಿಕೊಂಡಿತು. ಇಬ್ಬರು ಡೇನಿಷ್ ಟೀಚರುಗಳು ಹರೆಯದವರ ಹಾಗೆ ಕಿರುಚಿದರು. ಅಂಥ ಹೊತ್ತಿನಲ್ಲಿ ಚಿಂತೆಯನ್ನು ಹಿಡಿದಿಟ್ಟುಕೊಳ್ಳುವುದೂ ಕಷ್ಟ. ಎರಡು ತಿರುವು ದಾಟುವವರೆಗೆ ಮಾರ್ಕೆಲ್ಲಾ ಎಲ್ಲ ಮರೆತಿದ್ದಳು.

ಕಪ್ಪು ಕಲ್ಲಿನ ಕೊಲ್ಲಿಯಲ್ಲಿ ಊಟ. ಟೊಮೆಟೊ ವಡೆ, ಗಟ್ಟಿ ಬಾರ್ಲಿ ರೊಟ್ಟಿ, ಆಡಿನ ಗಿಣ್ಣು. ಯೋರಿಸ್ ಮಾತ್ರ ತಟ್ಟೆ ಹಿಡಿದು ದೂರ ಕೂತಿದ್ದ. ಉದ್ದನೆಯ ಆಳು, ತೆಂಗಿನ ಗರಿಯ ಹಾಗೆ ಎಲ್ಲಿ ಕೂತರೂ ಕೈಕಾಲು ಹೆಚ್ಚಾಗುತ್ತಿದ್ದವು. ಮೂರು ವರ್ಷದಿಂದ ತಪ್ಪದೆ ಬರುತ್ತಿದ್ದುದರಿಂದ ಊರ ಭಾಷೆ ತಕ್ಕಮಟ್ಟಿಗೆ ಬರುತ್ತಿತ್ತು.

ಮಾರ್ಕೆಲ್ಲಾ ಪಕ್ಕದಲ್ಲಿ ಕೂತಳು. "ಯೋರಿಸ್, ನೇರ ಕೇಳ್ತೀನಿ. ರಾತ್ರಿ ಎಲ್ಲಿದ್ರಿ?"

"ಮಲಗಿದ್ದೆ. ಸಾಕ್ಷಿ ಇಲ್ಲ. ಒಬ್ಬನೇ ಮಲಗೋ ಗಂಡಸಿಗೆ ಸಾಕ್ಷಿ ಎಲ್ಲಿಂದ ಬರುತ್ತೆ?"

"ಸೈಕಲ್?"

"ನಿಮ್ಮ ಅತ್ತೆಯ ಶೆಡ್‌ನಲ್ಲಿ, ಎಲ್ಲರದ್ದರ ಜೊತೆ." ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಒಂದು ವಿಷಯ. ಬೆಳಿಗ್ಗೆ ಹತ್ತಿದಾಗ ಮೊಣಕಾಲು ಎದೆಗೆ ಬಡೀತು. ಸೀಟು ಕೆಳಗಿಳಿದಿತ್ತು. ಸ್ಕ್ರೂ ಸಡಿಲ ಅಂದ್ಕೊಂಡು ಏರಿಸ್ಕೊಂಡೆ. ಆಗ ಕಳ್ಳತನದ ಸುದ್ದಿ ಇನ್ನೂ ಬಂದಿರಲಿಲ್ಲ."

ಮಾರ್ಕೆಲ್ಲಾ ತಟ್ಟನೆ ಅವನತ್ತ ತಿರುಗಿದಳು. "ಅಂದ್ರೆ ನಿಮಗಿಂತ ಕುಳ್ಳಗಿರೋರು ಹೊಡೆದಿದಾರೆ!"

"ನಿಮ್ಮೂರಲ್ಲಿ ನನಗಿಂತ ಕುಳ್ಳಗಿಲ್ಲದೋರು ಯಾರಿದಾರೆ? ಗಂಟೆ ಗೋಪುರ ಒಂದು ಬಿಟ್ಟು."

ವ್ಯಾನಿನ ನೆರಳಿನಲ್ಲಿ ಪಾಂತೆಲಿಸ್ ಐದನೆಯ ವಡೆಗೆ ಕೈ ಹಾಕಿದ್ದ. ಮಾರ್ಕೆಲ್ಲಾ ಹೋಗಿ ಎದುರಿಗೆ ನಿಂತಳು.

"ಶೆಡ್ಡಿನ ಬೀಗದ ಕೈ ನಿನ್ನ ಹತ್ರ ಇತ್ತಾ ನಿನ್ನೆ?"

"ಅಯ್ಯೋ, ನನ್ನ ಮೇಲೂ ಬಂತಾ! ಕೈ ಇರೋದು ಅತ್ತೆ ಅಡಿಗೆಮನೇಲಿ, ಒಲೆ ಹಿಂದಿನ ಮೊಳೇಲಿ. ಅತ್ತೆ ಕಣ್ಣು ತಪ್ಪಿಸಿ ಅಲ್ಲಿಂದ ಒಂದು ಆಲಿವ್ ಎತ್ತೋಕಾಗಲ್ಲ, ಬೀಗದ ಕೈ ಎತ್ತೋದೆಲ್ಲಿ ಬಂತು?"

"ನೀನು ಸೈಕಲ್ ಹೊಡೀತೀಯಲ್ಲ."

"ಈ ಹೊಟ್ಟೆ ಇಟ್ಕೊಂಡಾ? ನಾನು ಕೂತಿದ್ರೆ ಟೈರಿನ ಗುರುತು ಬೀಳ್ತಿರಲಿಲ್ಲ ಕಣೇ, ಕಾಲುವೆ ಬೀಳ್ತಿತ್ತು." ಆಮೇಲೆ ನಗು ನಿಲ್ಲಿಸಿ ಎದೆಯ ಮೇಲೆ ಶಿಲುಬೆ ಬರೆದುಕೊಂಡ. "ಹರಕೆ ಮರಕ್ಕೆ ಕೈ ಇಡೋನಲ್ಲ ನಾನು. ಅಷ್ಟು ಕೆಟ್ಟಿಲ್ಲ."

ಅವನ ಮಾತನ್ನು ಅವಳು ನಂಬಿದಳು. ನಂಬಿದ್ದರಿಂದ ಸಮಾಧಾನವೇನೂ ಆಗಲಿಲ್ಲ. ಊರಿನವರಲ್ಲ ಎಂದಾದರೆ ಉಳಿಯುವುದು ಯೋರಿಸ್ ಒಬ್ಬನೇ, ಯೋರಿಸ್ ಎಂದಾದರೆ ದಾರಿ ಹೋಯಿತು.

*

ವಾಪಸು ಬಂದಾಗ ಅರ್ಗೆಂಟಾ ಅತ್ತೆ ಅಡಿಗೆಮನೆಯಲ್ಲಿ ಬದನೆಕಾಯಿ ಸುಡುತ್ತ ಗುನುಗುತ್ತಿದ್ದಳು. ನೋವಿನ ಮಂಡಿಯನ್ನು ಸ್ಟೂಲಿನ ಮೇಲೆ ಚಾಚಿದ್ದಳು. ಕಿವಿ ಮಂದವಾಗಿ ವರ್ಷಗಳಾಗಿದ್ದವು. ತನ್ನ ದನಿ ತನಗೇ ಕೇಳದಿದ್ದರಿಂದ ಅವಳು ಪಿಸುಗುಟ್ಟಿದರೆ ಬಂದರಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು.

"ಆ ಉದ್ದನೆಯವನಿಗೆ ಊಟ ಸರಿಯಾಗಿ ಹಾಕಿದ್ಯಾ? ಬೆಳಿಗ್ಗೆ ಎರಡು ಚಮಚ ಗುಲಾಬಿ ಮುರಬ್ಬ ತಿನ್ನಿಸಿ ಕಳಿಸಿದೀನಿ. ಪಾಪ, ಮುಖ ಬಾಡಿತ್ತು."

"ಊರೆಲ್ಲ ಅವನನ್ನ ಕಳ್ಳ ಅಂತಿದೆ. ನೀನು ಮುರಬ್ಬ ತಿನ್ನಿಸ್ತೀಯಾ?"

"ಊರಿಗೇನು ಕೆಲಸ," ಎಂದಳು ಅತ್ತೆ ಬದನೆಕಾಯಿ ಮಗುಚಿ.

ಮಾರ್ಕೆಲ್ಲಾ ಅವಳನ್ನೇ ನೋಡಿದಳು. ಬಟ್ಟೆಗೆ ಸಿಕ್ಕಿಸಿದ ಕ್ಲಿಪ್ಪನ್ನು ಗಾಳಿ ಬೀಳಿಸಿದರೆ ಗಾಳಿಯ ವಂಶವನ್ನೇ ಶಪಿಸುವ ಹೆಂಗಸು. ಅವಳ ವರ್ಷದ ಬೆಳೆಯನ್ನು ಯಾರೋ ಬಾಚಿಕೊಂಡು ಹೋಗಿದ್ದಾರೆ, ಬೆಳಗಿನಿಂದ ಒಂದು ಶಾಪ ಇಲ್ಲ! ವಯಸ್ಸಾಯಿತೋ ಏನೋ, ಆಘಾತಕ್ಕೆ ಮನಸ್ಸು ಮರಗಟ್ಟಿತೋ ಏನೋ. ಮಾರ್ಕೆಲ್ಲಾ ಅವಳ ಕೈ ಹಿಡಿದುಕೊಂಡಳು.

"ಅತ್ತೆ, ಹೇಳೋಕೆ ನಂಗೂ ಸಂಕಟ. ಹರಕೆ ಮರಾನೂ ಬಿಟ್ಟಿಲ್ಲ ಆ ಪಾಪಿ."

"ಯಾರು ಹೇಳಿದ್ದು? ಹರಕೆ ಮರ ಹಾಗೇ ಇದೆ."

"ಗೇಟಿನ ಮರ ಪೂರ್ತಿ ಬರಿದಾಗಿದೆ ಅತ್ತೆ. ಕಣ್ಣಾರೆ ನೋಡಿದೀನಿ."

"ಗೇಟಿನದಾ? ಅದು ಈಗ ಹರಕೆ ಮರ ಅಲ್ವೇ ಹುಚ್ಚಿ. ಅದು ಒಣಗ್ತಾ ಬಂತು. ಸರಿಯಾಗಿ ಹನಿ ಕೊಡದ ಮರ ಮಾತೆಗೆ ಕೊಟ್ಟು ನಾನು ದೊಡ್ಡವಳಾಗೋದಾ? ಈಸ್ಟರ್ ಹೊತ್ತಿಗೆ ಬದಲಾಯಿಸಿದೆ. ಬಾಗಿದ ಮರ ಅವಳದು ಈಗ."

ಮಾರ್ಕೆಲ್ಲಾ ಸ್ಟೂಲಿನ ತುದಿಯಲ್ಲೇ ಕೂತಳು. ಕಳ್ಳ ಹರಕೆ ಮರ ಮುಟ್ಟಿರಲಿಲ್ಲ. ಅಕ್ಕಪಕ್ಕದ ಮರಗಳನ್ನು ಬೋಳಿಸಿ, ಅದೊಂದನ್ನು ಬಿಟ್ಟು ಸುತ್ತು ಹಾಕಿ ಹೋಗಿದ್ದ. ಹಾಲೆಂಡಿನವನಿಗೆ ಆ ಭಯ ಎಲ್ಲಿಂದ ಬರಬೇಕು? ದಾರಿ ಉಳಿಯಿತು! ಅತ್ತೆಯನ್ನು ತಬ್ಬಿಕೊಂಡು ಕೆನ್ನೆಗೆ ಮುತ್ತು ಕೊಟ್ಟಳು. ಅತ್ತೆಯ ಕೆನ್ನೆಯಿಂದ ಬದನೆಕಾಯಿಯ ಹೊಗೆ ವಾಸನೆ ಬರುತ್ತಿತ್ತು.

"ಯಾರಿಗೆ ಹೇಳಿದ್ದೆ ಇದನ್ನ?"

"ಯಾರಿಗೂ ಇಲ್ಲ. ಹರಕೆ ಅಂದ್ರೆ ಮಾತೆಗೂ ನಂಗೂ ಇರೋ ಮಾತು. ದಂಡೆಯ ಇಗರ್ಜಿಗೆ ಹೋಗಿ ಅವಳ ಕಿವೀಲಿ ಪಿಸುಗುಟ್ಟಿ ಬಂದೆ."

"ನಿನ್ನ ಪಿಸುಮಾತು ಟರ್ಕಿವರೆಗೆ ಕೇಳುತ್ತೆ ಅತ್ತೆ! ಒಳಗೆ ಯಾರಾದ್ರೂ ಇದ್ರಾ?"

"ಯಾರಿರ್ತಾರೆ? ನೀನು ಪಿರೇಯಸ್‌ಗೆ ಹೋಗಿದ್ದೆ, ಪಾಂತೆಲಿಸ್ ಮದುವೆ ಊಟಕ್ಕೆ ಹೋಗಿದ್ದ. ನನ್ನ ಕರ್ಕೊಂಡು ಹೋದವನು ಇಸಿದೋರೊಸ್. ಅವನು ದೀಪಕ್ಕೆ ಎಣ್ಣೆ ಹಾಕ್ತಾ ಇದ್ದ."

ಒಲೆಯ ಮೇಲೆ ಬದನೆಕಾಯಿಯ ಸಿಪ್ಪೆ ಚಟಪಟ ಸಿಡಿಯಿತು. ಬೆಳಿಗ್ಗೆ ಅಂಜೂರ ಕೊಟ್ಟ ಕೈಯೇ ಮಾರ್ಕೆಲ್ಲಾಳ ಕಣ್ಣಮುಂದೆ ಬಂತು.

"ತೋಟಕ್ಕೆ ಇಳೀಬೇಕಿತ್ತು ಇವತ್ತು," ಎಂದು ಅತ್ತೆ ಮಂಡಿ ಸವರಿಕೊಂಡಳು. "ಈ ಹಾಳು ಕಾಲು. ನಿನ್ನೆಯಿಂದ ಹೊಸಲು ದಾಟೋಕೆ ಬಿಟ್ಟಿಲ್ಲ."

*

ಕರಾವಳಿ ದಾರಿ ಊರು ಸೇರುವಲ್ಲಿ ಕಲ್ಲಿನ ಕಮಾನು. ಅದರಾಚೆ ಚೌಕ. ಗಂಡಸರು ಆಗಲೇ ಕುರ್ಚಿ ಎಳೆದುಕೊಂಡು, ಅಂಜೂರದ ಸಾರಾಯಿ ಹೀರುತ್ತ ಸಭೆಗೆ ಕಾಯುತ್ತಿದ್ದರು. ಕಮಾನಿಗೆ ಒರಗಿ ನಿಂತಿದ್ದ ಇಸಿದೋರೊಸ್ ಅವಳನ್ನು ಕಂಡು ಕೈಯೆತ್ತಿದ.

"ಏನು ಪತ್ತೇದಾರಿಣಿ, ಸಿಕ್ಕಿದ್ನಾ ಕಳ್ಳ?"

"ಸಿಕ್ಕಿದ."

"ಹೇಳು ಮತ್ತೆ, ಹಿಡಿದು ಕಟ್ಟಿ ಹಾಕ್ತೀನಿ."

ಅವಳು ಹತ್ತಿರ ಬಂದಳು. "ಗೇಟಿನ ಮರ ಬೋಳಿಸಿದ್ದು ಹೊರಗಿನೋರ ತಲೆಗೆ ಕಟ್ಟೋಕೆ. ಟೈರಿನ ಗುರುತು ಗುಡಿಸದೆ ಬಿಟ್ಟದ್ದೂ ಅದಕ್ಕೇ. ಎಲ್ಲ ಸರಿಯಾಗಿ ಮಾಡಿದೀಯ ಇಸಿದೋರೆ. ಬಾಗಿದ ಮರ ಯಾಕೆ ಬಿಟ್ಟೆ?"

ಅವನು ಸುಳ್ಳು ಹೇಳಬಹುದಿತ್ತು. ದೋಣಿಯ ಕತೆ ಇನ್ನೊಂದು ಸಲ ಹೇಳಬಹುದಿತ್ತು. ಅವನ ನಗು ಮೆಲ್ಲಗೆ ಇಳಿದುಹೋಯಿತು.

"ಅದನ್ನ ಹೇಗೆ ಮುಟ್ಟಲಿ?" ಎಂದ. "ಅದು ಅವಳದು."

ಅಷ್ಟೇ. ಅವಳಿಗೆ ಅವನ ಮೇಲೆ ಕೈ ಮಾಡುವಷ್ಟು ಸಿಟ್ಟು ಬಂತು, ಅಳುವೂ ಬಂತು. "ನನ್ನ ಪರವಾಗಿ ಮಾತು ಕೊಟ್ಟವನು ನೀನು! ಈ ದಾರಿಯ ಮುಳ್ಳು ನನ್ನ ಜೊತೆ ಕಡಿದವನು ನೀನು! ಒಂದು ದಿನ ತಪ್ಪದೆ ಹಣ್ಣು ತಂದು ಕೊಡ್ತೀಯ, ಅದೇ ಕೈಯಲ್ಲಿ ನನ್ನ ಅನ್ನ ಕಿತ್ಕೋತೀಯಾ? ಏನು ಮಾಡಿದ್ದೆ ನಾನು ನಿಂಗೆ?"

"ನೀನೇನೂ ಮಾಡಿಲ್ಲ."

"ಹಾಗಾದ್ರೆ ಬಾ ಚೌಕಕ್ಕೆ. ಎಲ್ಲರ ಮುಂದೆ ಹೇಳ್ತೀನಿ."

"ಹೇಳು. ನಾನು ಒಪ್ಕೋತೀನಿ. ಯೋರಿಸ್ ಪಾರಾಗ್ತಾನೆ, ನಿನ್ನ ದಾರಿ ಉಳಿಯುತ್ತೆ. ಅಷ್ಟಾದ್ರೂ ಸರಿಯಾಗ್ಲಿ." ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ಆದ್ರೆ ಆಮೇಲೆ ಅವರು ಯಾಕೆ ಅಂತ ಕೇಳ್ತಾರೆ ಮಾರ್ಕೆಲ್ಲಾ. ಅದಕ್ಕೆ ಉತ್ತರ ಕೊಡೋ ಹಕ್ಕು ನಂದಲ್ಲ. ದಾರಿ ಉಳಿಯುತ್ತೆ, ನಿನ್ನ ಮನೆಯೋರು ಈ ಊರಲ್ಲಿ ತಲೆಯೆತ್ತಿ ನಡೆಯೋದು ಉಳಿಯಲ್ಲ."

"ನನ್ನ ಮನೆಯೋರು ಅಂದ್ರೆ?"

ಅವನು ಅವಳ ಹೆಗಲಿನಾಚೆ ನೋಡುತ್ತ ನಿಂತ.

ಮಾರ್ಕೆಲ್ಲಾಳ ತಲೆಯಲ್ಲಿ ಅಡಿಗೆಮನೆಯ ಮಾತೊಂದು ತಿರುಗಿ ಕೇಳಿಸಿತು. ಹರಕೆ ಮರ ಹಾಗೇ ಇದೆ. ನಿನ್ನೆಯಿಂದ ಹೊಸಲು ದಾಟದವಳಿಗೆ, ಇವತ್ತು ತೋಟಕ್ಕೆ ಇಳಿಯದವಳಿಗೆ, ಮರ ಹಾಗೇ ಇದೆಯೆಂದು ಹೇಗೆ ಗೊತ್ತು? ಒಲೆ ಹಿಂದಿನ ಮೊಳೆ. ಬಾಯಿಗೆ ಬಾರದ ಶಾಪ. ಯೋರಿಸ್‌ಗೆ ತಿನ್ನಿಸಿದ ಮುರಬ್ಬ.

ಅವಳು ತಿರುಗಿ ನೋಡಿದಳು.

ಓಣಿಯ ಕೊನೆಯಿಂದ ಅರ್ಗೆಂಟಾ ಅತ್ತೆ ಬರುತ್ತಿದ್ದಳು. ಭಾನುವಾರದ ಕಪ್ಪು ಸ್ಕಾರ್ಫು ತಲೆಗೆ ಬಿಗಿದಿದ್ದಳು. ಕೋಲಿರಲಿಲ್ಲ. ಕುಂಟುತ್ತಲೂ ಇರಲಿಲ್ಲ. ಕಲ್ಲುಹಾಸಿನ ಮೇಲೆ ಟಕಟಕ ಹೆಜ್ಜೆ ಹಾಕುತ್ತ ಬಂದವಳು ಇಬ್ಬರ ಮುಖವನ್ನೂ ನೋಡಿದಳು, ಚೌಕದ ಕಡೆ ಕಳ್ಳನೋಟ ಬೀರಿದಳು, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಇಸಿದೋರೊಸ್‌ನ ಕಿವಿಯತ್ತ ಬಗ್ಗಿ ಪಿಸುಗುಟ್ಟಿದಳು.

"ದಾರಿ ಮುಚ್ಚಿಸೋಕೆ ನಾನೇ ಮಾಡಿಸಿದ್ದು ಅಂತ ಹೇಳಿಬಿಟ್ಟೆಯೇನೋ ಇವಳಿಗೆ?"

ಚೌಕದಲ್ಲಿ ಮಾತೆಲ್ಲ ನಿಂತುಹೋಯಿತು. ಕುರ್ಚಿಗಳು ಒಂದೊಂದಾಗಿ ಇತ್ತ ತಿರುಗಿದವು. ಊರ ಮುಖ್ಯಸ್ಥ ಲೋಟ ಕೆಳಗಿಟ್ಟು, ಎದ್ದು ನಿಂತ.

"ಏನು ಮಾಡಿಸಿದ್ದೆ, ಅರ್ಗೆಂಟಾ?"